ಮೂಸಿ ಉಣ್ಣುವ ಮನೆ

ನೀರಜಾಕ್ಷಿ ಕರುಣೆ ಇಲ್ಲದ ಹೆಂಗಸು. ಯಾರನ್ನೂ ನಂಬುವವಳಲ್ಲ, ಯಾರನ್ನೂ ಹತ್ತಿರಕ್ಕೆ ಬಿಟ್ಟುಕೊಳ್ಳುವವಳೂ ಅಲ್ಲ. ಕಂಕನಾಡಿಯಲ್ಲಿ ಅವಳನ್ನು ಬಲ್ಲವರೆಲ್ಲ ಹೀಗೆ ಹೇಳುತ್ತಿದ್ದರು, ಹೇಳುವುದಕ್ಕೆ ಅವರಲ್ಲಿ ಕಾರಣವೂ ಇತ್ತು. ಒಬ್ಬನೇ ತಮ್ಮನಿಗೆ ಕೂಡಿಬಂದ ಎರಡು ಸಂಬಂಧಗಳನ್ನು ಅವಳು ತನ್ನ ಬಾಯಿಂದಲೇ ಮುರಿದಳು. ಮೂರನೆಯದರಲ್ಲಿ ಹೇಗೋ ಬಂದು ಸೇರಿದ ತಮ್ಮನ ಹೆಂಡತಿ ಬಡಿಸಿದ್ದನ್ನು ಹತ್ತು ವರ್ಷದಲ್ಲಿ ಒಮ್ಮೆಯೂ ಮೂಸಿ ನೋಡದೆ ಬಾಯಿಗಿಡಲಿಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನವನ್ನೂ ಹೈಜೀನನ್ನೂ ಕಲಿಸುತ್ತಿದ್ದ ಅವಳು ನಕ್ಕದ್ದನ್ನು ಕಂಡ ಹುಡುಗಿಯರಿರಲಿಲ್ಲ. ಫಲಿತಾಂಶ ಓದುವಾಗಲೂ ಸಾವಿನ ಸುದ್ದಿ ಕೇಳುವಾಗಲೂ ಅವಳ ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಒಂದೇ ತರ ಇರುತ್ತಿತ್ತು. ಹುಡುಗಿಯರು ಬೆನ್ನ ಹಿಂದೆ ಮೂಗು ಅರಳಿಸಿ ಗಾಳಿ ಎಳೆದು ಅಣಕಿಸುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಆದರೆ ಅಷ್ಟು ಸಣ್ಣ ವಿಷಯಕ್ಕೆ ಸಿಟ್ಟಾಗುವಷ್ಟು ಪುರುಸೊತ್ತು ಅವಳ ಮನಸ್ಸಿಗೆ ಇರಲಿಲ್ಲ. ಅಲ್ಲಿ ಬೇರೊಂದು ಹೆದರಿಕೆ ಜಾಗ ಹಿಡಿದು ಕೂತಿತ್ತು.

ಹೆದರಿಕೆ ಅಮ್ಮನಿಂದ ಶುರುವಾದದ್ದು.

ಅಪ್ಪ ಒಂದು ಸಣ್ಣ ದೇವಸ್ಥಾನದ ಅರ್ಚಕರು. ಅಮ್ಮ ವಾರಿಜಮ್ಮ ಮನೆಯ ದೇವರಿಗೆ ನೈವೇದ್ಯದ ಅಡುಗೆ ಮಾಡುವವರು. ನೀರಜಾಕ್ಷಿಗೆ ಬುದ್ಧಿ ತಿಳಿಯುವ ಹೊತ್ತಿಗೆ ಅಮ್ಮನ ಮಡಿ ಕೇರಿಯಲ್ಲೆಲ್ಲ ಹೆಸರಾಗಿತ್ತು. ಅಕ್ಕಿಯನ್ನು ತೊಳೆದು, ನೀರು ತಿಳಿಯಾದ ಮೇಲೂ ತೊಳೆದು, ಒಲೆಗೆ ಇಡುವಾಗ ಸೆರಗು ಬಾಗಿಲಿಗೆ ತಾಗಿತೆಂದು ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಸುರಿದುಕೊಂಡು, ಬಂದು ಮತ್ತೆ ಅಕ್ಕಿ ತೊಳೆಯುತ್ತಿದ್ದರು. ದಿನವಿಡೀ ಒದ್ದೆ ಸೀರೆ. ಯಾರೊಡನೆಯೂ ಮಾತಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿರುತ್ತದೆ. ನೆಂಟರ ಹೆಂಗಸರು ತಮ್ಮ ಸೊಸೆಯರನ್ನು ಕರೆತಂದು ತೋರಿಸುತ್ತಿದ್ದರು: "ನೋಡು, ಮಡಿ ಅಂದ್ರೆ ಇದು. ಬಾಯಲ್ಲಿ ಸದಾ ಜಪ. ನಿನಗೆ ಇದರಲ್ಲಿ ಕಾಲಂಶ ಉಂಟಾ?" ಶುದ್ಧಾಶುದ್ಧದ ನಿಯಮಗಳನ್ನೆಲ್ಲ ಅರೆದು ಕುಡಿದ ಹಿರಿಯರು ಆ ಮನೆಗೆ ಬಂದು ಹೋಗುತ್ತಿದ್ದರು. ವರ್ಷಗಟ್ಟಲೆ ಒಬ್ಬರಿಗೂ ಏನೂ ಕಾಣಲಿಲ್ಲ. ಬೇರೆ ಯಾವ ಮನೆಯಲ್ಲಾದರೂ ಇಂಥ ತೊಳೆತ ಕಂಡರೆ ಜನ ಕೇಳುತ್ತಿದ್ದರು. ಅರ್ಚಕರ ಮನೆಯಲ್ಲಿ ಅದಕ್ಕೆ ನಮಸ್ಕಾರ ಸಿಕ್ಕಿತು.

ಒಂದು ಅಷ್ಟಮಿಯ ದಿನ ಅಪ್ಪ ನೈವೇದ್ಯ ಎತ್ತಿಕೊಳ್ಳಲು ಅಡುಗೆಮನೆಗೆ ಬಂದಾಗ ಅಮ್ಮ ಪಾತ್ರೆಯ ಮೇಲೆ ಬಗ್ಗಿ ಅನ್ನವನ್ನು ಮೂಸುತ್ತಿದ್ದರು. ದೇವರಿಗೆ ಇಡುವ ಹೂವನ್ನು ಕೂಡ ಮೂಸದ ಮನೆ ಅದು. ಅಪ್ಪ ನಿಂತಲ್ಲೇ ನಿಂತರು.

"ಎಂತ ಮಾಡಿದೆ ನೀನು?"

"ಸೀಮೆಎಣ್ಣೆ ವಾಸನೆ," ಎಂದರು ಅಮ್ಮ. "ಆಚೆ ಮನೆಯವರು ಬಾವಿಗೆ ಹಾಕ್ತಿದ್ದಾರೆ. ಎಷ್ಟು ತೊಳೆದರೂ ಹೋಗುದಿಲ್ಲ."

ಆಚೆ ಮನೆ ಎಂದರೆ ಕ್ರಿಶ್ಚಿಯನ್ನರ ಮನೆ. ಅವರು ನಾಯಿಗೂ ಕಲ್ಲು ಹೊಡೆಯದ ಜನ. ಅಪ್ಪ ಆ ಅನ್ನವನ್ನು ದನಕ್ಕೆ ಹಾಕಿದರು, ಮೂಸಿದ ನೈವೇದ್ಯಕ್ಕೆ ಏನು ಪ್ರಾಯಶ್ಚಿತ್ತವೆಂದು ವಿಚಾರಿಸಿ ಅದನ್ನು ಮಾಡಿಸಿದರು. ಮೂಸಿದವಳಿಗೆ ಏನಾಗಿದೆ ಎಂದು ವಿಚಾರಿಸಲಿಲ್ಲ. ಅದೇ ತಿಂಗಳು ಅಮ್ಮ ತಮ್ಮ ಹಾಲಿಗೂ ಆ ವಾಸನೆ ಬಂದಿದೆ ಎಂದು ಎಳೆಮಗು ಹೃಷೀಕೇಶನಿಗೆ ಮೊಲೆ ಕೊಡುವುದನ್ನು ನಿಲ್ಲಿಸಿದರು. ಹತ್ತು ವರ್ಷದ ನೀರಜಾಕ್ಷಿ ಗಂಜಿಯ ತಿಳಿಯನ್ನು ಬೆಳ್ಳಿಯ ಒಳಲೆಯಲ್ಲಿ ಹಾಕಿ ತಮ್ಮನಿಗೆ ಕುಡಿಸಿದಳು. ಬದುಕುತ್ತಾನೋ ಇಲ್ಲವೋ ಎಂದು ಅವನ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ ಕೂರುತ್ತಿದ್ದಳು. ಅವಳ ಕಾವಲು ಶುರುವಾದದ್ದು ಅಲ್ಲಿ.

ಆಮೇಲೆ ಅಮ್ಮನನ್ನು ಬೆಂಗಳೂರಿನ ಆಸ್ಪತ್ರೆಗೆ ಒಯ್ದರು. ವಾಪಸು ತಂದರು. ಹಿಂದಿನ ಕೋಣೆಯಲ್ಲಿ ಇಟ್ಟರು. ಸಾವಿರದ ಒಂಬೈನೂರ ಐವತ್ತರಲ್ಲಿ ಅಮ್ಮ ಅಲ್ಲೇ ತೀರಿಕೊಂಡರು, ಅಪ್ಪ ಮೂರು ವರ್ಷ ಕಳೆದು.

ಅಷ್ಟರಲ್ಲಿ ನೀರಜಾಕ್ಷಿ ಮದ್ರಾಸಿನಲ್ಲಿ ಓದಿ ಬಂದು ಟೀಚರಾಗಿದ್ದಳು. ಮದ್ರಾಸಿನ ಕಾಲೇಜಿನ ಲೈಬ್ರರಿಯಲ್ಲಿ ಅವಳು ಪಠ್ಯಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಓದಿದಳು. ಅಮ್ಮನ ಕಾಯಿಲೆಗೆ ಸ್ಕಿಝೋಫ್ರೇನಿಯಾ ಎಂಬ ಹೆಸರಿದೆ. ಅದು ಕೆಲವು ಕುಟುಂಬಗಳಲ್ಲಿ ರಕ್ತದ ಜತೆ ಇಳಿದು ಬರುತ್ತದೆ. ಸಾಮಾನ್ಯವಾಗಿ ನೂರರಲ್ಲಿ ಒಬ್ಬರಿಗೆ ಬರುವುದು ಅಂಥ ತಾಯಿಯ ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರಿಗೆ ಬರಬಹುದು. ಬರುವ ಮೊದಲೇ ಕೆಲವು ಲಕ್ಷಣಗಳು ಕಾಣಬಹುದು. ಒಂಟಿತನ, ಸಂಶಯ, ಭಾವವಿಲ್ಲದ ಮುಖ, ಇಲ್ಲದ್ದನ್ನು ಕೇಳುವುದು, ಇಲ್ಲದ್ದರ ವಾಸನೆ. ಇದನ್ನೆಲ್ಲ ಓದುವಾಗ ಅವಳ ಕಣ್ಣೆದುರು ಇದ್ದದ್ದು ಹೃಷೀಕೇಶ.

ತನ್ನ ಬಗ್ಗೆ ಒಮ್ಮೆ ಮಾತ್ರ ಯೋಚಿಸಿದ್ದಳು. ಹಾಸ್ಟೆಲಿನಲ್ಲಿ, ಇಪ್ಪತ್ತನೆಯ ವರ್ಷದಲ್ಲಿ, ಊಟಕ್ಕೆ ಕೂತಾಗ ಅನ್ನದಿಂದ ಸೀಮೆಎಣ್ಣೆಯ ವಾಸನೆ ಬಂತು. ಪಕ್ಕದವಳನ್ನು ಕೇಳಿದಳು. "ಇಲ್ಲವಲ್ಲ," ಎಂದು ಅವಳು ಉಣ್ಣುತ್ತಲೇ ಇದ್ದಳು. ನೀರಜಾಕ್ಷಿ ಊಟ ಬಿಟ್ಟು ಎದ್ದಳು. ಎರಡು ದಿನ ಉಪವಾಸವಿದ್ದಳು. ಮೂರನೆಯ ದಿನ ವಾಸನೆ ಇರಲಿಲ್ಲ. ಆಮೇಲೆ ಎಂದೂ ಬರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಆದರೆ ಅಂದಿನಿಂದ ಪ್ರತಿ ತುತ್ತಿನ ಮೊದಲು ವಾಸನೆ ನೋಡುವುದು ಅಭ್ಯಾಸವಾಯಿತು. ಕೇಳಿದವರಿಗೆ ಹೈಜೀನ್ ಎನ್ನುತ್ತಿದ್ದಳು. ಟೈಫಾಯ್ಡು, ಕಾಲರಾ, ಹಳಸಿದ್ದು, ಕಲಬೆರಕೆ ಎಂದು ನೂರು ಕಾರಣ ಕೊಡುತ್ತಿದ್ದಳು. ಕಾಲಕ್ರಮದಲ್ಲಿ ಆ ಕಾರಣಗಳನ್ನು ಅವಳೂ ನಂಬಿದಳು.

ಹೃಷೀಕೇಶ ಬೆಳೆದು ಬ್ಯಾಂಕಿನಲ್ಲಿ ಗುಮಾಸ್ತನಾದ. ನಗುಮೊಗದವನು, ಯಕ್ಷಗಾನದ ಹುಚ್ಚಿನವನು, ಕೈಯಲ್ಲಿದ್ದುದನ್ನು ಎಲ್ಲೋ ಇಟ್ಟು ಮರೆಯುವವನು. ಅವನು ಮರೆತಾಗಲೆಲ್ಲ ಅಕ್ಕನ ಎದೆ ಹೊಡೆದುಕೊಳ್ಳುತ್ತಿತ್ತು. ಬಚ್ಚಲಲ್ಲಿ ಒಬ್ಬನೇ ಭಾಗವತಿಕೆ ಹಾಡಿದರೆ ಬಾಗಿಲ ಹೊರಗೆ ನಿಂತು, ಹಾಡೇ ಹೌದೋ ಬೇರೇನೋ ಎಂದು ಕಿವಿಗೊಡುತ್ತಿದ್ದಳು. ಅವನಿಗೆ ಅದು ಗೊತ್ತಾಗಿ, ಹಾಡು ಮುಗಿಸಿ, "ಅಕ್ಕ, ಮಂಗಳ ಆಯ್ತು, ಇನ್ನು ಹೋಗಬಹುದು," ಎಂದು ಒಳಗಿನಿಂದಲೇ ಹೇಳುತ್ತಿದ್ದ.

ಅವನ ಮದುವೆಯ ಮಾತು ಬಂದಾಗ ನೀರಜಾಕ್ಷಿ ಹೆಣ್ಣಿನ ಕಡೆಯವರ ಎದುರು ಕೂತು, "ನಮ್ಮ ಅಮ್ಮನಿಗೆ ಬುದ್ಧಿ ಸ್ಥಿಮಿತ ಇರಲಿಲ್ಲ. ಅದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಬರುವುದುಂಟು. ಇವನಿಗೆ ಈಗ ಇಲ್ಲ. ಮುಂದಿನದು ಹೇಳಲಾಗದು," ಎಂದಳು. ಬಂದವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಎರಡನೆಯವರು ಕಾಫಿ ಬರುವ ಮೊದಲೇ ಎದ್ದರು.

ಚಿಕ್ಕಪ್ಪ ಹರಿದಾಸ ಭಟ್ಟರು ತಲೆಯ ಮೇಲೆ ಕೈಹೊತ್ತರು. "ನಿನ್ನ ನಾಲಿಗೆಗೆ ಎಂತ ಬಂದದ್ದು ಮಾರಾಯ್ತಿ? ಹೇಳುದು ಬೇಡ ಅಂತ ನಾನು ಹೇಳುದಿಲ್ಲ. ಮದುವೆ ಆದ ಮೇಲೆ ಹೇಳಿದ್ರೆ ಆಗ್ತಿರ್ಲಿಲ್ವಾ?"

"ಅಮ್ಮನ ತವರಿನವರೂ ಹಾಗೆಯೇ ಯೋಚಿಸಿರಬೇಕು," ಎಂದಳು ನೀರಜಾಕ್ಷಿ.

ಮೂರನೆಯವರು ಕಾರ್ಕಳದ ಒಬ್ಬ ಪ್ರೈಮರಿ ಶಾಲೆಯ ಮಾಸ್ತರರು. ಕಾಫಿ ಪೂರ್ತಿ ಕುಡಿದು, ಮನೆಗೆ ಹೋಗಿ ಮಗಳು ಮುಕ್ತಾಳಿಗೆ ನಡೆದದ್ದನ್ನೆಲ್ಲ ಹೇಳಿದರು. ಮುಕ್ತಾ, "ಇದನ್ನೇ ಹೇಳಿದವರು ಇನ್ನು ಎಂತ ಮುಚ್ಚಿಡ್ತಾರೆ ಅಪ್ಪಯ್ಯ? ಹುಡುಗ ನಗ್ತಾನಾ?" ಎಂದು ಕೇಳಿದಳಂತೆ. ನಗುತ್ತಾನೆ ಎಂದು ಮಾಸ್ತರರು ಹೇಳಿದರು. ಐವತ್ತೇಳರಲ್ಲಿ ಮದುವೆಯಾಯಿತು. ಮರುವರ್ಷ ಸುನೀತಿ ಹುಟ್ಟಿದಳು.

ಹೃಷೀಕೇಶ ಮೂವತ್ತು ದಾಟಿದ. ಕಾಯಿಲೆ ಬರುವುದಿದ್ದರೆ ಸಾಮಾನ್ಯವಾಗಿ ಅಷ್ಟರೊಳಗೆ ಬರುತ್ತದೆ ಎಂದು ಓದಿದ್ದ ನೀರಜಾಕ್ಷಿ ಒಂದು ಉಸಿರು ಬಿಟ್ಟಳು. ಅರ್ಧ ಉಸಿರು ಅಷ್ಟೇ. ಕಣ್ಣು ಆಗಲೇ ಮಗುವಿನ ಕಡೆ ತಿರುಗಿತ್ತು.

ಸುನೀತಿ ನಡೆದದ್ದು ತಡವಾಗಿ. ನಡೆದ ಮೇಲೂ ಮೆಟ್ಟಿಲಲ್ಲಿ ಎಡವುತ್ತಿದ್ದಳು. ಮಾತನಾಡಿಸಿದರೆ ಮುಖ ನೋಡುತ್ತಿರಲಿಲ್ಲ, ಮಾತನಾಡಿಸಿದವರ ಸೀರೆಯ ಅಂಚನ್ನು ನೋಡುತ್ತಿದ್ದಳು. ಆಚೆ ಮನೆಯ ರೊಸಾಲಿನ್‌ಳ ಮಗಳು ಡಾಲಿ ಒಬ್ಬಳೇ ಅವಳ ಜತೆಗಾತಿ. ಅಮ್ಮ ಬಾವಿಯ ದೂರು ಹೊರಿಸಿದ್ದ ಅದೇ ಮನೆಗೆ ಸೊಸೆಯಾಗಿ ಬಂದವಳು ರೊಸಾಲಿನ್. ಅವಳು ಹಳೆಯದನ್ನು ಕೇಳಿ ಬಲ್ಲಳು, ಎತ್ತಿ ಆಡಿದವಳಲ್ಲ. ಡಾಲಿಯನ್ನು ಬೊಂಬಾಯಿಯಲ್ಲಿದ್ದ ಅಪ್ಪ ಓದಿಸಲು ಕರೆಸಿಕೊಂಡ ಮೇಲೆ ಸುನೀತಿ ಒಗೆಯುವ ಕಲ್ಲಿನ ಮೇಲೆ ಕೂತು ಒಬ್ಬಳೇ ಮಾತನಾಡತೊಡಗಿದಳು. ಪ್ರಶ್ನೆ ಒಂದು ದನಿಯಲ್ಲಿ, ಉತ್ತರ ಇನ್ನೊಂದು ದನಿಯಲ್ಲಿ. ನೀರಜಾಕ್ಷಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಲ್ಲುತ್ತಿದ್ದಳು. ಅಮ್ಮನ ಅಲ್ಲಾಡುವ ತುಟಿಗಳನ್ನು ಜಪವೆಂದು ನಂಬಿದವರಲ್ಲಿ ಅವಳೂ ಒಬ್ಬಳಾಗಿದ್ದಳು. ಈ ಸಲ ಮೋಸಹೋಗಲು ಅವಳು ಸಿದ್ಧಳಿರಲಿಲ್ಲ.

ಅರವತ್ತೇಳರ ಏಪ್ರಿಲಿನಲ್ಲಿ, ರಜೆ ಶುರುವಾದ ವಾರ, ಮುಕ್ತಾ ನೀರುದೋಸೆ ಹಾಕಿದಳು. ಒಂಬತ್ತು ವರ್ಷದ ಸುನೀತಿ ದೋಸೆಯ ಮಡಿಕೆಯನ್ನು ಬಿಡಿಸಿ, ಎತ್ತಿ, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಮೂಸಿದಳು.

ನೀರಜಾಕ್ಷಿಯ ಕೈಯಲ್ಲಿದ್ದ ಚಟ್ನಿಯ ಸೌಟು ಕೆಳಗೆ ಬಿತ್ತು.

"ಎಂತ ವಾಸನೆ ಬರ್ತದೆ ನಿನಗೆ? ಹೇಳು. ಎಂತ ವಾಸನೆ?"

ಮಗು ಹೆದರಿ ದೋಸೆಯನ್ನು ಬಿಟ್ಟಿತು. "ದೋಸೆದು."

"ಬೇರೆ? ಸೀಮೆಎಣ್ಣೆ? ಹೊಗೆ?"

ಮುಕ್ತಾ ಕಾವಲಿಯನ್ನು ಒಲೆಯಿಂದ ಇಳಿಸಿದಳು. ಹತ್ತು ವರ್ಷದಲ್ಲಿ ಅವಳು ದನಿ ಎತ್ತಿದ್ದು ಅಂದೇ ಮೊದಲು. "ಅಕ್ಕ, ಸಾಕು. ನಿಮ್ಮನ್ನು ನೋಡಿ ಕಲಿತದ್ದು ಅದು. ನಾನು ಬಡಿಸಿದ್ದನ್ನು ನೀವು ದಿನಾ ನಾಯಿ ಮೂಸಿದ ಹಾಗೆ ಮೂಸ್ತೀರಿ. ಮಗು ನೋಡುದಿಲ್ವಾ?"

"ನಾನು ನೋಡುದು ಹೈಜೀನಿಗೆ. ಇವಳು ಬೇರೆ. ಇದು ನಾನು ಅಮ್ಮನಲ್ಲಿ ಕಂಡದ್ದು, ನೀನು ಕಂಡದ್ದಲ್ಲ. ಇವಳನ್ನು ಡಾಕ್ಟರಿಗೆ ತೋರಿಸ್ಬೇಕು."

"ಯಾವ ಡಾಕ್ಟರಿಗೆ? ಮೆಂಟಲ್ ಡಾಕ್ಟರಿಗಾ? ನಾಳೆ ಇಡೀ ಊರಿಗೆ ಗೊತ್ತಾಗ್ತದೆ. ಮೊನ್ನೆ ಶಾಲೆಯಲ್ಲಿ ಒಬ್ಬಳು ಇವಳನ್ನು ಹುಚ್ಚಜ್ಜಿಯ ಮೊಮ್ಮಗಳು ಅಂತ ಕರೆದಳಂತೆ. ನೀವು ಹೀಗೆ ಕಿಟಕಿಯಲ್ಲಿ ನಿಂತು ನೋಡಿ ನೋಡಿಯೇ ಇವಳಿಗೆ ಹುಚ್ಚು ಹಿಡಿಸ್ತೀರಿ. ನಾನು ಇವಳನ್ನು ಕಾರ್ಕಳಕ್ಕೆ ಕರ್ಕೊಂಡು ಹೋಗ್ತೇನೆ. ಅಲ್ಲಿಯೇ ಶಾಲೆಗೆ ಹಾಕ್ತೇನೆ. ಇವರ ಹತ್ರ ಮಾತಾಡಿ ಆಗಿದೆ."

ಇವರು, ಅಂದರೆ ಹೃಷೀಕೇಶ, ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದ. ಪೇಪರಿನ ಹಾಳೆ ತಿರುಗಿಸಲಿಲ್ಲ, ಒಳಗೂ ಬರಲಿಲ್ಲ.

ನೀರಜಾಕ್ಷಿಗೆ ಆ ಕ್ಷಣ ಕಂಡದ್ದು ಕಾರ್ಕಳದ ಮನೆ. ಅಲ್ಲಿ ಒಳ್ಳೆಯವರಿದ್ದಾರೆ, ಹೊಟ್ಟೆ ತುಂಬ ಬಡಿಸುತ್ತಾರೆ, ಮಗು ಒಂಟಿಯಾಗಿ ಕೂತರೆ ಎಷ್ಟು ಗಂಭೀರ ಎಂದು ಮೆಚ್ಚುತ್ತಾರೆ. ಲಕ್ಷಣ ಯಾವುದೆಂದು ಬಲ್ಲವರು ಒಬ್ಬರೂ ಇಲ್ಲ. ಎಲ್ಲ ಮುಗಿದ ಮೇಲೆ ಗೊತ್ತಾಗುತ್ತದೆ, ಅಮ್ಮನದು ಗೊತ್ತಾದ ಹಾಗೆ.

"ಒಂದು ಸಲ ತೋರಿಸುವ," ಎಂದಳು. ಅವಳ ದನಿಯಲ್ಲಿ ಏರಿಳಿತವಿರಲಿಲ್ಲ, ಆದರೆ ಬೇಡಿದ್ದು ಹೌದು. "ಡಾಕ್ಟರು ಏನೂ ಇಲ್ಲ ಅಂದ್ರೆ ನಾನು ಇನ್ನು ಕಿಟಕಿಯ ಹತ್ರ ಬರುದಿಲ್ಲ. ನೀನು ಹೋಗುದು ಬೇಡ."

ಮುಕ್ತಾ ಕಾವಲಿಯನ್ನು ಮತ್ತೆ ಒಲೆಗಿಟ್ಟು, "ಒಂದು ಸಲ," ಎಂದಳು.

ದಾರಿ ತೋರಿಸಿದವಳು ರೊಸಾಲಿನ್. ಬೇಲಿಯ ಆಚೆ ನಿಂತು ಜಗಳವನ್ನೆಲ್ಲ ಕೇಳಿದ್ದಳು, ಕೇಳಲಿಲ್ಲ ಎಂದು ನಟಿಸುವ ಗೋಜಿಗೆ ಹೋಗಲಿಲ್ಲ. "ಟೀಚರೇ, ಆಸ್ಪತ್ರೆಗೆ ಹೋಗಿ ಸಾಲಲ್ಲಿ ಕೂತ್ರೆ ಇಡೀ ಕಂಕನಾಡಿ ನೋಡ್ತದೆ. ನನ್ನ ತಮ್ಮ ಎಡ್ವಿನ್ ಮದ್ರಾಸಿಂದ ರಜೆಯಲ್ಲಿ ಬಂದಿದ್ದಾನೆ. ಅವನು ಅದೇ ಡಾಕ್ಟ್ರು, ತಲೆಯದ್ದು. ಭಾನುವಾರ ಇಲ್ಲಿಗೆ ಊಟಕ್ಕೆ ಬರ್ತಾನೆ. ನೀವು ಮಾವಿನಕಾಯಿ ಕೊಯ್ಲಿಕ್ಕೆ ಬಂದ ಹಾಗೆ ಬನ್ನಿ."

"ಒಂದು ಬುಟ್ಟಿ ಮಾವಿನಕಾಯಿಗೆ ಮೂರು ಜನ ಯಾಕೆ ಅಂತ ಯಾರಾದ್ರೂ ಕೇಳಿದ್ರೆ ಬಾಯಮ್ಮ?" ಎಂದಳು ಮುಕ್ತಾ. ಅವಳ ಕಣ್ಣು ಇನ್ನೂ ಕೆಂಪಗಿತ್ತು.

"ಕೊಯ್ಲಿಕ್ಕೆ ನೀನು, ಹೆಕ್ಲಿಕ್ಕೆ ಮಗು, ಮೂಸ್ಲಿಕ್ಕೆ ಟೀಚರು," ಎಂದಳು ರೊಸಾಲಿನ್.

ಮುಕ್ತಾ ಫಕ್ಕನೆ ನಕ್ಕಳು. ನೀರಜಾಕ್ಷಿ ನಗಲಿಲ್ಲ.

ಭಾನುವಾರದವರೆಗೆ ಅವಳಿಗೆ ನಿದ್ದೆ ಹತ್ತಲಿಲ್ಲ. ಮುಕ್ತಾಳ ಟ್ರಂಕು ಕೋಣೆಯ ಮೂಲೆಯಲ್ಲಿ ತುಂಬಿ ಕೂತಿತ್ತು, ಮುಚ್ಚಳ ಮಾತ್ರ ಹಾಕಿರಲಿಲ್ಲ. ಹೋಗುವಾಗ ಬರುವಾಗ ನೀರಜಾಕ್ಷಿಯ ಕಣ್ಣಿಗೆ ಅದರೊಳಗಿನ ಸಣ್ಣ ಲಂಗಗಳು ಬೀಳುತ್ತಿದ್ದವು.

ಎಡ್ವಿನ್ ಡಾಕ್ಟರು ದಪ್ಪ ಕನ್ನಡಕದ, ನಿಧಾನ ಮಾತಿನ ಮನುಷ್ಯ. ಜಗಲಿಯಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತು ಸುನೀತಿಯ ಕಡೆ ಒಂದು ನಿಂಬೆಹಣ್ಣು ಎಸೆದರು. ಅವಳು ಹಿಡಿಯಲಿಲ್ಲ. ಎರಡನೆಯ ಸಲವೂ ಬಿಟ್ಟಳು. ನೀರಜಾಕ್ಷಿ ತಾನು ಕೂತಿದ್ದ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಳು. ಮೂರನೆಯ ಸಲ ಸುನೀತಿ ಎರಡೂ ಕೈಯಲ್ಲಿ, ಎದೆಗೆ ಒತ್ತಿ ಹಿಡಿದಳು.

"ಒಗೆಯುವ ಕಲ್ಲಿನ ಮೇಲೆ ಕೂತು ಯಾರ ಹತ್ರ ಮಾತಾಡುದು?"

"ಡಾಲಿ ಹತ್ರ."

"ಡಾಲಿ ಬೊಂಬಾಯಿಯಲ್ಲಿ ಅಲ್ವಾ? ಉತ್ತರ ಕೊಡ್ತಾಳಾ?"

ಸುನೀತಿ ಮೊದಲ ಸಲ ತಲೆ ಎತ್ತಿ ಅವರ ಮುಖವನ್ನು ನೋಡಿದಳು. ಇಷ್ಟು ದೊಡ್ಡವರಿಗೆ ಇಷ್ಟೂ ತಿಳಿಯದೇ ಎಂಬ ಹಾಗೆ. "ಬೊಂಬಾಯಿಯಲ್ಲಿ ಇದ್ದವಳು ಇಲ್ಲಿ ಹೇಗೆ ಉತ್ತರ ಕೊಡುದು? ಅವಳದ್ದೂ ನಾನೇ ಹೇಳುದು."

ಡಾಕ್ಟರು ಗಹಗಹಿಸಿ ನಕ್ಕರು. ಮುಕ್ತಾ ಸೆರಗಿನಿಂದ ಮುಖ ಒರೆಸಿಕೊಂಡಳು. ಕುರ್ಚಿಯ ಕೈಯ ಮೇಲೆ ನೀರಜಾಕ್ಷಿಯ ಹಿಡಿತ ಸಡಿಲಾಯಿತು, ಪೂರ್ತಿ ಅಲ್ಲ.

ಅರ್ಚಕರ ಮನೆಯವರು ತಮ್ಮಲ್ಲಿ ಬೇಯಿಸಿದ್ದನ್ನು ಮುಟ್ಟುವುದಿಲ್ಲವೆಂದು ರೊಸಾಲಿನ್‌ಗೆ ಗೊತ್ತಿತ್ತು. ನೀರೂ ಕುಡಿಯುವುದಿಲ್ಲ. ಅಂಥವರಿಗೆ ಕೊಡುವುದು ಎಳನೀರು. ಆ ಬೆಳಿಗ್ಗೆಯೇ ಬೊಂಡದ ಗೊಂಚಲು ಇಳಿಸಿ ಇಟ್ಟಿದ್ದಳು. ಎಲ್ಲರ ಎದುರಿಗೇ ಕತ್ತಿಯಿಂದ ಒಂದೊಂದನ್ನೂ ಕೆತ್ತಿ, ಅದರ ಬಾಯಿ ತೆರೆದು, ಕೈಗೆ ಕೊಟ್ಟಳು. ಮುಕ್ತಾ ತಲೆ ಹಿಂದಕ್ಕೆ ಹಾಕಿ ಗಟಗಟ ಕುಡಿದಳು. ನೀರಜಾಕ್ಷಿ ಬೊಂಡವನ್ನು ಎರಡು ಕೈಯಲ್ಲಿ ಹಿಡಿದು, ಅದರ ಬಾಯಿಯನ್ನು ಸೆರಗಿನಿಂದ ಒರೆಸಿ, ಮೂಗಿನ ಹತ್ತಿರ ತಂದು ಉಸಿರು ಎಳೆದಳು. ಪಕ್ಕದಲ್ಲಿ ಸುನೀತಿಯೂ ಒರೆಸಿದಳು, ಮೂಸಿದಳು. ಇಬ್ಬರೂ ಒಟ್ಟಿಗೇ ಕುಡಿದರು.

ಡಾಕ್ಟರು ತಮ್ಮ ಬೊಂಡವನ್ನು ಕೆಳಗಿಟ್ಟರು. "ಅಕ್ಕ, ಇವರನ್ನು ಮರದ ಹತ್ರ ಕರ್ಕೊಂಡು ಹೋಗು. ಟೀಚರು ಇರಲಿ," ಎಂದು ರೊಸಾಲಿನ್‌ಗೆ ಹೇಳಿದರು. ಮೂವರೂ ಹೋದ ಮೇಲೆ ಕೇಳಿದರು: "ಇವತ್ತು ಇಳಿಸಿದ ಬೊಂಡ. ನಿಮ್ಮ ಕಣ್ಣೆದುರೇ ಕೆತ್ತಿದ್ದು. ಮೂಸಿದ್ದು ಯಾಕೆ?"

ಹೈಜೀನ್ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಕಾಲರಾ ಬಂದ ವರ್ಷ ಎಂಟನೆಯ ಕ್ಲಾಸಿಗೆ ಅವಳೇ ಪಾಠ ಹೇಳಿದ್ದಳು, ಬೇರೆ ನೀರು ನಂಬುವ ಹಾಗಿಲ್ಲದಾಗ ಆಗತಾನೇ ಕೆತ್ತಿದ ಎಳನೀರನ್ನು ಧೈರ್ಯವಾಗಿ ಕುಡಿಯಬಹುದೆಂದು. ಹಾಗಾದರೆ ಈಗ ಮೂಸಿದ್ದು ಯಾವ ರೋಗಾಣುವಿಗೆ? ಅಮ್ಮನದು ಮಡಿ ಎಂದು ಊರು ಹೇಳಿತ್ತು. ತನ್ನದು ಹೈಜೀನ್ ಎಂದು ತಾನೇ ಹೇಳಿಕೊಂಡಿದ್ದಳು. ಅದು ಮುಚ್ಚಿಹೋಗಲು ಅಮ್ಮನಿಗೆ ಊರಿನ ಹೊಗಳಿಕೆಯಾದರೂ ಬೇಕಾಯಿತು. ತನಗೆ ಒಂದು ಬಿ.ಎಸ್ಸಿ. ಸಾಕಾಯಿತು.

"ಒಮ್ಮೆ ಸೀಮೆಎಣ್ಣೆಯ ವಾಸನೆ ಬಂದಿತ್ತು," ಎಂದಳು. "ಇಪ್ಪತ್ತು ವರ್ಷ ದಾಟಿತು. ಅಲ್ಲಿ ಸೀಮೆಎಣ್ಣೆ ಇರ್ಲಿಲ್ಲ. ಮತ್ತೆ ಬರ್ಲಿಲ್ಲ. ಬರ್ಲಿಲ್ಲ ಅಂತ ನೋಡ್ತೇನೆ."

"ಪ್ರತಿ ಊಟಕ್ಕೂ?"

"ಪ್ರತಿ ತುತ್ತಿಗೂ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

"ಹಾಗಾದ್ರೆ ನನಗೆ ಉಂಟು," ಎಂದಳು ನೀರಜಾಕ್ಷಿ. ಮುಖ ಅದೇ ಗೋಡೆ.

"ಕಾಯ್ಲೆ ಇಲ್ಲ. ನಿಮಗೆ ಈಗ ನಲ್ವತ್ತು ದಾಟಿತಲ್ಲ? ಕೆಲಸ ಮಾಡ್ತೀರಿ, ಮನೆ ನಡೆಸ್ತೀರಿ. ಆದ್ರೆ ಅಂಥ ಕುಟುಂಬದಲ್ಲಿ ಕಾಯ್ಲೆ ಬಾರದವರಲ್ಲಿಯೂ ಅದರ ಒಂದೆರಡು ಗುಣ ಕಾಣುದುಂಟು. ಜನ ಬೇಡ, ಸಂಶಯ ಜಾಸ್ತಿ, ಮನಸ್ಸಲ್ಲಿ ಇದ್ದದ್ದು ಮುಖಕ್ಕೆ ಬರುದಿಲ್ಲ, ಎಲ್ಲೋ ಒಮ್ಮೆ ಇಲ್ಲದ ವಾಸನೆ. ಹೆಚ್ಚಿನವರಿಗೆ ಅಷ್ಟಕ್ಕೇ ನಿಲ್ತದೆ. ಅವರಿಗೆ ನಾವು ಮದ್ದು ಕೊಡುದಿಲ್ಲ. ಊರಲ್ಲಿ ಅವರನ್ನು ಒರಟು ಅಂತಾರೆ, ಕಲ್ಲು ಅಂತಾರೆ, ಅಷ್ಟೇ."

"ನನ್ನನ್ನು ಅನ್ನುದು ಅದೇ." ಆಮೇಲೆ ಕೇಳಿದಳು: "ಮಗುವಿಗೆ?"

"ಇವತ್ತು ಕಾಯ್ಲೆ ಇಲ್ಲ. ಮುಂದಿನದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೊಮ್ಮಕ್ಕಳಲ್ಲಿ ಬರುವ ಸಾಧ್ಯತೆ ಕಡಿಮೆ, ಪೂರ್ತಿ ಇಲ್ಲ ಅಂತಲ್ಲ. ತಡವಾಗಿ ನಡೆದದ್ದು, ಒಬ್ಬಳೇ ಆಡುದು, ಇದೆಲ್ಲ ರಕ್ತದಿಂದ ಬಂದದ್ದಿರಬಹುದು. ಏನೂ ಅಲ್ಲದೆಯೂ ಇರಬಹುದು, ಎಷ್ಟೋ ಮಕ್ಕಳು ಹಾಗೇ ಇರ್ತಾರೆ. ಆ ಮೂಸುದು ಮಾತ್ರ ರಕ್ತದ್ದಾ, ನೋಡಿ ಕಲಿತದ್ದಾ ಅಂತ ನನಗೆ ಹೇಳ್ಲಿಕ್ಕೆ ಆಗುದಿಲ್ಲ. ಯಾಕಂದ್ರೆ ನಿಮ್ಮ ಮನೆಯಲ್ಲಿ ಎರಡೂ ಉಂಟು. ನೀವು ಸೈನ್ಸ್ ಟೀಚರ್. ಎರಡು ಕಾರಣ ಒಟ್ಟಿಗೆ ಇದ್ರೆ ಎಂತ ಮಾಡ್ತೀರಿ?"

"ಒಂದನ್ನು ತೆಗೆದು ನೋಡ್ತೇವೆ," ಎಂದಳು ನೀರಜಾಕ್ಷಿ.

ರಕ್ತವನ್ನು ತೆಗೆಯುವಂತಿಲ್ಲ.

ಮಾವಿನಕಾಯಿಯ ಬುಟ್ಟಿ ಹೊತ್ತು ಮನೆಗೆ ಬಂದರು. ಒಳಗೆ ಬಂದು, ಸುನೀತಿ ಕೈಕಾಲು ತೊಳೆಯಲು ಹೋದಾಗ, ಮುಕ್ತಾ ಕೇಳಿದಳು. "ಎಂತ ಹೇಳಿದ್ರು?"

ಸುಳ್ಳು ಹೇಳಿದರೆ ಟ್ರಂಕು ಖಾಲಿಯಾಗುತ್ತಿತ್ತು. ಏನೂ ಇಲ್ಲವಂತೆ ಎಂಬ ಒಂದೇ ಮಾತು ಸಾಕಿತ್ತು. ನೀರಜಾಕ್ಷಿಗೆ ಅದು ಬರುತ್ತಿರಲಿಲ್ಲ.

"ಈಗ ಕಾಯಿಲೆ ಇಲ್ಲವಂತೆ. ಮುಂದಿನದು ಹೇಳಲಾಗದಂತೆ. ಮೂಸುದು ನನ್ನಿಂದ ಕಲಿತದ್ದಿರಬಹುದಂತೆ." ಆಮೇಲೆ, ಶಾಲೆಯಲ್ಲಿ ಹಾಜರಿ ಕರೆಯುವ ದನಿಯಲ್ಲೇ, "ಅಮ್ಮನದು ಸ್ವಲ್ಪ ನನ್ನಲ್ಲಿ ಉಂಟಂತೆ," ಎಂದಳು.

ಮುಕ್ತಾ ಬುಟ್ಟಿಯಿಂದ ಒಂದು ಕಾಯಿ ತೆಗೆದು ಸೊನೆ ಒರೆಸಿದಳು. "ಅದು ನನಗೆ ಮದುವೆಯಾದ ವಾರವೇ ಗೊತ್ತಾಗಿತ್ತು ಅಕ್ಕ. ನಮ್ಮ ಅಪ್ಪಯ್ಯನಿಗೆ ನೀವು ಹೇಳದೆ ಬಿಟ್ಟದ್ದು ಅದೊಂದೇ."

"ನನಗೇ ಗೊತ್ತಿರ್ಲಿಲ್ಲ."

"ಅದೂ ಗೊತ್ತು." ಟ್ರಂಕಿನ ವಿಷಯ ಅವಳು ಎತ್ತಲಿಲ್ಲ. ಎಲೆ ಹಾಕಲು ಹೋದಳು.

ಊಟಕ್ಕೆ ನಾಲ್ಕು ಎಲೆ. ಹೃಷೀಕೇಶ ಒಮ್ಮೆ ಹೆಂಡತಿಯನ್ನು, ಒಮ್ಮೆ ಅಕ್ಕನನ್ನು ನೋಡಿ, ಕೇಳುವ ಧೈರ್ಯ ಸಾಲದೆ, "ಮಾವಿನಕಾಯಿ ಹುಳಿ ಉಂಟಾ?" ಎಂದ. ಮುಕ್ತಾ ಮೊದಲು ಮಜ್ಜಿಗೆ ಕೊಟ್ಟಳು, ಬಿಸಿಲಲ್ಲಿ ಬಂದವರಿಗೆ. ನೀರಜಾಕ್ಷಿಯ ಲೋಟವನ್ನು ಅವಳ ಕೈಗೆ ಕೊಟ್ಟು, ಅಭ್ಯಾಸದಂತೆ ಮುಖ ಆಚೆ ತಿರುಗಿಸಿಕೊಂಡಳು. ಅತ್ತಿಗೆ ಮೂಸುವುದನ್ನು ನೋಡಬಾರದೆಂದು ಹತ್ತು ವರ್ಷದಿಂದ ಹಾಗೆ ತಿರುಗುತ್ತಿದ್ದಳು.

ಎದುರಿನ ಮಣೆಯಲ್ಲಿ ಸುನೀತಿ ತನ್ನ ಲೋಟವನ್ನು ಮೂಗಿನ ಹತ್ತಿರ ತಂದು ಅತ್ತೆಗಾಗಿ ಕಾಯುತ್ತಿದ್ದಳು.

ನೀರಜಾಕ್ಷಿ ಲೋಟ ಎತ್ತಿದಳು. ಕೈ ತಾನಾಗಿ ಮೂಗಿನ ಕಡೆ ಹೊರಟಿತು. ಆ ವಾಸನೆ ಇವತ್ತೇ ಬಂದಿದ್ದರೆ? ಬಂದಿದೆಯೋ ಇಲ್ಲವೋ ಎಂದು ನೋಡದೆ ಒಳಗೆ ಬಿಟ್ಟುಕೊಂಡರೆ? ಅವಳು ಉಸಿರು ಕಟ್ಟಿದಳು. ನೀರಿಗೆ ಮುಳುಗುವವರು ಕಟ್ಟುವ ಹಾಗೆ ಎದೆ ತುಂಬ ಕಟ್ಟಿ, ಲೋಟವನ್ನು ನೇರ ಬಾಯಿಗಿಟ್ಟು, ಕೊನೆಯ ಹನಿಯವರೆಗೆ ಒಂದೇ ಸಲಕ್ಕೆ ಕುಡಿದು ಇಳಿಸಿದಳು.

ಮುಕ್ತಾ ಈ ಕಡೆ ತಿರುಗಿದಳು. ಸುನೀತಿಯ ಲೋಟ ಇದ್ದಲ್ಲೇ ನಿಂತಿತ್ತು.

"ಉಪ್ಪು ಜಾಸ್ತಿ," ಎಂದಳು ನೀರಜಾಕ್ಷಿ, ಉಸಿರು ಬಿಟ್ಟು. ಖಾಲಿ ಲೋಟವನ್ನು ಮುಂದಕ್ಕೆ ಚಾಚಿದಳು. "ಇನ್ನೊಂದು ಲೋಟ ಹಾಕು."